ಗಾಳಿ ಸೀಳುವವಳು

“ನಾ ಏನ್ ನಿನ್ನ ಮಗಳಿಗೆ ಗ್ವಾಡಿ ಆಗಾಕ ಹುಟ್ಟೀನೇನ ಕಾಕಾ? ಐದ್ ವರ್ಷ ಆತು. ಒಂದ್ ಸಲ, ಒಂದೇ ಒಂದ್ ಸಲ ಅಕಿ ಮುಂದ ಇರಲಿ, ನಾ ಹಿಂದ ಕುಂದರ್ತೀನಿ ಅಂದ್ರ ನಿನಗ್ಯಾಕ ಇಷ್ಟ್ ಉರಿ?”

“ಬಾಯಿ ಮುಚ್ಚ! ನಿಮ್ಮಪ್ಪನ ಮುಂದ ನಾ ಒಂಬತ್ತ್ ವರ್ಷ ಗಾಳಿ ಸೀಳೀನಿ. ಒಂದ್ ದಿನ ತುಟಿ ಪಿಟಕ್ ಅಂದೀನೇನು?”

“ನೀ ಸೀಳಿದ್ರ ಅದು ನಿನ್ನ ಹಣೇಬರ. ನಿನ್ನ ಹಣೇಬರ ತಂದು ನನ್ನ ಹಣಿಗ್ಯಾಕ ಅಂಟಸ್ತಿ?”

ಹುಲಗಪ್ಪ ಟೇಬಲ್ಲಿಗೆ ಕೈ ಬಡಿದ. ನೀರಿನ ಲೋಟ ಉರುಳಿ, ಕೈ ತೊಳೆಯುವ ಬೇಸಿನ್ನಿನ ತನಕ ಹೋಯಿತು. ಪಕ್ಕದ ಟೇಬಲ್ಲಿನ ಮರಾಠಿ ಗಂಡ ಹೆಂಡತಿ ದೋಸೆ ಬಿಟ್ಟು ಇತ್ತ ನೋಡಿದರು. ಗಲ್ಲಾದಿಂದ ಜಯಶೀಲ ಶೆಟ್ಟರ ಸ್ವರ ಬಂತು.

“ಎಂಥ ಮಾರಾಯ ಹುಲಗಪ್ಪ? ಗಿರಾಕಿಗಳು ಊಟ ಮಾಡುದಾ, ನಿಮ್ಮ ಜಗಳ ನೋಡುದಾ? ಟಿವಿ ಬಂದ್ ಮಾಡ್ಲಾ ಈಗ?”

ಅದೊಂದು ಮಾತಿಗೆ ಕಾಕನೂ ತಣ್ಣಗಾದ, ಅಣ್ಣನ ಮಗಳು ಚಂದವ್ವನೂ ತಣ್ಣಗಾದಳು. ಹುಲಗಪ್ಪನ ಮಗಳು ಕಾಂಚನಾ ಮಾತ್ರ ಮೊದಲಿನಿಂದಲೂ ತಲೆ ಎತ್ತಿರಲಿಲ್ಲ. ತನ್ನ ಬಗ್ಗೆಯೇ ಜಗಳ ನಡೆದಿದ್ದರೂ ಅದು ಯಾರದೋ ಮನೆಯ ಸುದ್ದಿ ಎಂಬಂತೆ ಚಟ್ನಿಯಲ್ಲಿ ಬೆರಳಾಡಿಸುತ್ತ ಕುಳಿತಿದ್ದಳು.

ಮುಂಬೈ ಪಕ್ಕದ ನೌಪಾಡಾದ ಆ ಹೋಟೆಲಿನಲ್ಲಿ ಗೋಡೆಗೆ ಹಾಕಿದ ಟಿವಿಯ ಕೆಳಗಿನ ಟೇಬಲ್ಲು ಆ ಮೇ ತಿಂಗಳು ಪೂರ್ತಿ ಇವರಿಗೇ. ಇಟಲಿ ದೇಶದಲ್ಲಿ ಮೂರು ವಾರದ ಸೈಕಲ್ ರೇಸು ನಡೆದಿತ್ತು. ಇಪ್ಪತ್ತೊಂದು ದಿನ, ದಿನಕ್ಕೆ ಒಂದು ಹಂತ. ಕೆಲವು ದಿನ ಗುಡ್ಡ ಹತ್ತುತ್ತಾರೆ. ಆ ದಿನ ಹುಲಗಪ್ಪ ಬರುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಬಯಲು ದಾರಿಯ ದಿನಗಳು. ನಾಲ್ಕು ತಾಸು ನೂರೆಂಬತ್ತು ಮಂದಿ ಕುರಿಹಿಂಡಿನ ಹಾಗೆ ಒಟ್ಟಿಗೆ ಬರುತ್ತಾರೆ, ಏನೂ ಆಗುವುದಿಲ್ಲ. ಕೊನೆಯ ಮೂರು ಕಿಲೋಮೀಟರಿನಲ್ಲಿ ಹಿಂಡು ಹುಚ್ಚೆದ್ದು ಓಡುತ್ತದೆ. ಅಂಥ ದಿನಗಳು ಏಳು. ಯಾವ ಯಾವ ದಿನ ಎಂದು ಇಂಟರ್ನೆಟ್ಟಿನಲ್ಲಿ ನೋಡಿ, ಹಸಿರು ಶಾಯಿಯಲ್ಲಿ ಗೆರೆ ಎಳೆದು ಪಟ್ಟಿ ಮಾಡಿಕೊಟ್ಟವಳು ಶೆಟ್ಟರ ಮಗಳು ಪೂಜಿತಾ. ಅವಳೂ ಸೈಕಲ್ ಓಡಿಸುವವಳೇ. ಘೋಡಬಂದರ್ ರಸ್ತೆಯ ಹದಿನೆಂಟನೇ ಮಾಳಿಗೆಯಲ್ಲಿ ಅವರ ಮನೆ. ಅವಳ ಸೈಕಲ್ಲನ್ನು ಹುಲಗಪ್ಪ ಒಮ್ಮೆ ಒಂದೇ ಬೆರಳಲ್ಲಿ ಎತ್ತಿ ನೋಡಿ, ಕಾಗದದ್ದು ಇರಬೇಕು ಎಂದು ನಕ್ಕಿದ್ದ. ಆ ನಗೆ ಅವನ ಒಳಗೆ ಹೋಗಿ ಮುಳ್ಳಾಗಿ ಕುಳಿತಿತ್ತು.

ಹುಲಗಪ್ಪ ವಿಜಯಪುರದ ಕಡೆಯವನು. ಆ ಸೀಮೆಯಲ್ಲಿ ಸೈಕಲ್ ಶರ್ಯತ್ತು ಅಂದರೆ ಜನ ಊಟ ಬಿಟ್ಟು ಬರುತ್ತಾರೆ. ಮಡ್‌ಗಾರ್ಡು, ಚೈನ್‌ಕವರು ಕಿತ್ತೊಗೆದ ಸಾದಾ ಸೈಕಲ್ಲಿನ ಮೇಲೆ ಅವನೂ ಅವನ ಅಣ್ಣ ಮಾಪಣ್ಣನೂ ಸುತ್ತಿನ ಹತ್ತೂರು ಗೆದ್ದಿದ್ದರು. ಗೆದ್ದಿದ್ದರು ಅನ್ನುವುದು ತಪ್ಪು. ಗೆದ್ದವನು ಅಣ್ಣ. ಸೈಕಲ್ ಓಡಿಸದವರಿಗೆ ಇದು ಹೇಳದೆ ತಿಳಿಯುವುದಿಲ್ಲ: ವೇಗ ಹೆಚ್ಚಿದಂತೆ ಎದುರಿನ ಗಾಳಿ ಗೋಡೆಯಾಗುತ್ತದೆ. ಒಬ್ಬ ಮುಂದೆ ಹೋಗಿ ಆ ಗೋಡೆಯನ್ನು ಸೀಳಬೇಕು. ಇನ್ನೊಬ್ಬ ಅವನ ಚಕ್ರಕ್ಕೆ ಅಂಟಿಕೊಂಡು, ಕಾಲಿನ ಕಸುವು ಉಳಿಸಿಕೊಂಡು ಬರಬೇಕು. ಗುರಿ ಇನ್ನೂರು ಮೀಟರ್ ಇದೆ ಅನ್ನುವಾಗ ಮುಂದಿನವನು ಉಸಿರು ಸತ್ತು ಪಕ್ಕಕ್ಕೆ ಸರಿಯುತ್ತಾನೆ, ಹಿಂದಿನವನು ಹಾರಿ ಹೋಗಿ ಗೆಲ್ಲುತ್ತಾನೆ. ಅವರ ಮನೆತನದಲ್ಲಿ ಹಿರಿಯನಿಗೆ ಗುರಿ, ಕಿರಿಯನಿಗೆ ಗಾಳಿ ಎಂದು ಯಾರೋ ಎಂದೋ ಮಾಡಿಟ್ಟ ಕಟ್ಟಳೆ. ಒಂಬತ್ತು ವರ್ಷ ಹುಲಗಪ್ಪ ಗಾಳಿ ಸೀಳಿದ. ಬೆಳ್ಳಿ ಕಡಗ ಅಣ್ಣನ ಕೈಗೆ, ಊರಿನ ಹಾರ ಅಣ್ಣನ ಕೊರಳಿಗೆ, ಕೊನೆಗೆ ಪೊಲೀಸ್ ನೌಕರಿಯೂ ಅಣ್ಣನಿಗೆ. ಒಂದು ಶರ್ಯತ್ತಿನಲ್ಲಿ ಬಿದ್ದು ಸೊಟ್ಟಗಾದ ಎಡಗೈ ಹುಲಗಪ್ಪನಿಗೆ.

ಅವನು ಮುಂಬೈ ರೈಲು ಹತ್ತಿ ಕಳವಾಕ್ಕೆ ಬಂದ, ಗೋದಾಮಿನಲ್ಲಿ ಚೀಲ ಹೊತ್ತ, ಈಗ ಹಮಾಲರ ಮುಕಾದಮ. ಎರಡು ಸಾವಿರದ ಒಂಬತ್ತರಲ್ಲಿ ಮಾಪಣ್ಣ ಕಾಮಾಲೆಯಾಗಿ ಸತ್ತಾಗ ತಾಯಿಯೂ ಇಲ್ಲದ ಹದಿನಾಲ್ಕು ವರ್ಷದ ಚಂದವ್ವನನ್ನು ಕರೆತಂದು, ತನ್ನ ಒಂದೇ ಕೋಣೆಯ ಮನೆಯಲ್ಲಿ ಮಗಳ ಪಕ್ಕ ಮಲಗಿಸಿದ. ಊರಿನವರು ಭಲೇ ಎಂದರು. ಹುಲಗಪ್ಪನ ಹೆಂಡತಿ ಮರಗಮ್ಮ ಮಾತ್ರ ಆ ಹುಡುಗಿಗೆ ಮೊದಲ ದಿನವೇ ಹಳೇ ಸೈಕಲ್ಲು ಕೊಡಿಸಿದ್ದನ್ನು ನೋಡಿ, ಇವನ ಲೆಕ್ಕವೇ ಬೇರೆ ಇದೆ ಅಂದುಕೊಂಡಿದ್ದಳು.

ಕಾಂಚನಾ ಒಂದು ವರ್ಷಕ್ಕೆ ದೊಡ್ಡವಳು. ಅಲ್ಲಿಗೆ ಕಟ್ಟಳೆ ತಾನಾಗಿ ಕೂತಿತು.

ಆ ತಿಂಗಳ ಕೊನೆಯ ಭಾನುವಾರ ನವಿ ಮುಂಬೈಯ ಪಾಮ್ ಬೀಚ್ ರಸ್ತೆಯಲ್ಲಿ ಹೆಣ್ಣುಮಕ್ಕಳ ಆಯ್ಕೆ ರೇಸು ಇತ್ತು. ಗೆದ್ದವಳಿಗೆ ಆಟದ ಕೋಟಾದಲ್ಲಿ ಸರಕಾರಿ ನೌಕರಿ. ಒಂದೇ ಸೀಟು. ಎರಡನೆಯವಳಿಗೆ ಪ್ಲಾಸ್ಟಿಕ್ಕಿನ ಕಪ್ಪು. ಆ ಒಂದು ಸೀಟು ಕಾಂಚನಾಳಿಗೆ ಬರಬೇಕು. ಹುಲಗಪ್ಪ ಬೆಳಗ್ಗೆ ಎದ್ದರೆ ಅದು, ಮಲಗಿದರೆ ಅದು. ತೊಡಕು ಎರಡಿದ್ದವು. ಒಂದು ಪೂಜಿತಾ. ಇನ್ನೊಂದನ್ನು ಅವನು ಮನಸ್ಸಿನಲ್ಲೂ ಆಡುತ್ತಿರಲಿಲ್ಲ. ಚಂದವ್ವ ಕಾಂಚನಾ, ಪೂಜಿತಾ ಇಬ್ಬರಿಗಿಂತಲೂ ಗಟ್ಟಿಗಿತ್ತಿ. ಮೂರು ನೂರು ಮೀಟರ್ ಗಾಳಿ ಸೀಳಿ ಸರಿದ ಮೇಲೂ ಅವಳು ಆರನೆಯವಳಾಗಿ ಬರುತ್ತಿದ್ದಳು.

“ಹ್ಞಾಂ, ಬಂತು ನೋಡ್ರಿ, ಕೊನೇ ಕಿಲೋಮೀಟರ್,” ಎಂದ ಹುಲಗಪ್ಪ, ಜಗಳವನ್ನು ಮರೆತವನಂತೆ.

ಟಿವಿಗೆ ಸ್ವರ ಇರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಸ್ವರ ಕೊಟ್ಟರೆ ಮಾಣಿಗಳು ಕೂಗುವ ಆರ್ಡರು ಒಳಗಿನ ಭಟ್ಟರಿಗೆ ಕೇಳುವುದಿಲ್ಲ ಎಂಬುದು ಶೆಟ್ಟರ ಕಾನೂನು. ಸ್ವರ ಇದ್ದರೂ ಅದು ಇಂಗ್ಲಿಷು, ಹುಲಗಪ್ಪನಿಗೆ ಏನೂ ಆಗಬೇಕಾದ್ದಿಲ್ಲ. ಓಟಗಾರರ ಹೆಸರೂ ಅವನಿಗೆ ಬರುತ್ತಿರಲಿಲ್ಲ. ತಾನೇ ಹೆಸರಿಟ್ಟಿದ್ದ. ಗೆಲ್ಲುವ ಗಿಡ್ಡನಿಗೆ ಹಳದಿ ಟೊಪ್ಪಿಗಿ. ಅವನ ಮುಂದೆ ಗಾಳಿ ಸೀಳುವ ಉದ್ದನೆಯವನಿಗೆ ಲಂಬೂ. ಅವರ ಬೆನ್ನಿಗೆ ಬಿದ್ದು ಬರುವವನಿಗೆ ನೀಲಿ ಅಂಗಿ.

ಲಂಬೂ ತಲೆ ತಗ್ಗಿಸಿ ತುಳಿಯುತ್ತಿದ್ದ. ಅವನ ಚಕ್ರಕ್ಕೆ ಹಳದಿ ಟೊಪ್ಪಿಗಿ, ಅವನ ಚಕ್ರಕ್ಕೆ ನೀಲಿ ಅಂಗಿ. ಇನ್ನೂರೈವತ್ತು ಮೀಟರ್ ಅನ್ನುವಲ್ಲಿ ಹಳದಿ ಟೊಪ್ಪಿಗಿ ಬಲಕ್ಕೆ ಜಿಗಿದ. ನೀಲಿ ಅಂಗಿ ಎಡಕ್ಕೆ, ಜನರನ್ನು ತಡೆಯಲು ನಿಲ್ಲಿಸಿದ ಕಬ್ಬಿಣದ ಕಟಾಂಜನದ ಬದಿಗೆ, ಖಾಲಿ ಇದ್ದ ಸಂದಿಯಲ್ಲಿ ನುಗ್ಗಿದ. ಲಂಬೂ ಕಾಲು ಬಿಟ್ಟ, ದಣಿದವನ ಹಾಗೆ ಮೆಲ್ಲಗೆ ಎಡಕ್ಕೆ ಸರಿದ. ಹಿಂದೆ ನೋಡಲಿಲ್ಲ. ಸಂದಿ ಮುಚ್ಚಿತು.

ನೀಲಿ ಅಂಗಿ ಕಟಾಂಜನಕ್ಕೆ ತಾಗಿ ಮೇಲಕ್ಕೆದ್ದ. ಸೈಕಲ್ಲು ಒಂದು ಕಡೆ, ಮನುಷ್ಯ ಒಂದು ಕಡೆ. ಸದ್ದೇ ಇಲ್ಲ. ಹೋಟೆಲಿನಲ್ಲಿ ಕೇಳುತ್ತಿದ್ದದ್ದು ಎರಡು ಮಸಾಲೆ, ಒಂದು ಸೆಟ್ ಎಂಬ ಕೂಗು ಮಾತ್ರ. ಮತ್ತೆ ತೋರಿಸಿದರು, ನಿಧಾನವಾಗಿ. ಆ ಮನುಷ್ಯನ ತಲೆ ಕಬ್ಬಿಣದ ಕಾಲಿಗೆ ಬಡಿದು, ಕುತ್ತಿಗೆ ಬಾರದ ದಿಕ್ಕಿಗೆ ತಿರುಗಿ, ಮೈ ಚೀಲದಂತೆ ಬಿತ್ತು. ಮೂರನೇ ಸಲ ತೋರಿಸುವಾಗ ಚಂದವ್ವ ಮುಖ ತಿರುಗಿಸಿದಳು.

ಹುಲಗಪ್ಪನ ಕಣ್ಣು ಮಾತ್ರ ಲಂಬೂನ ಮೇಲೆ. “ನೋಡಿದಿ? ಹೊಳ್ಳಿ ನೋಡಲಿಲ್ಲ. ನೋಡಿದ್ನಪಾ ಅಂದ್ರ ಬೇಕಂತ ಮಾಡ್ಯಾನ ಅಂತಾರ. ನೋಡದಿದ್ರ ಯಾರ್ ಏನಂತಾರ? ದಣದಿದ್ದ, ಸರದ, ಅಷ್ಟ.”

“ಅಂವಾ ಏಳವಲ್ಲ ಕಾಕಾ.”

“ಏಳ್ತಾನ. ಟಿವಿಯಾಗಿನ ಮಂದಿ ಎಲ್ಲಾರೂ ಏಳ್ತಾರ.”

ಹಳದಿ ಟೊಪ್ಪಿಗಿ ಕಟ್ಟೆಯ ಮೇಲೆ ನಿಂತು ಬಾಟಲಿ ಅಲ್ಲಾಡಿಸಿ ನೊರೆ ಹಾರಿಸಿದ. ಇಬ್ಬರು ಹುಡುಗಿಯರು ಅವನ ಕೆನ್ನೆಗೆ ಮುತ್ತು ಕೊಟ್ಟರು. ಶೆಟ್ಟರು ಕ್ರಿಕೆಟ್ಟಿಗೆ ಚಾನೆಲ್ ತಿರುಗಿಸಿದರು. ಹುಲಗಪ್ಪ ನೋಡಿದ್ದು ಅಷ್ಟೇ. ಮಾರನೆಯ ದಿನದಿಂದ ನಾಲ್ಕು ದಿನ ಗುಡ್ಡ. ಅವನು ಹೋಟೆಲಿನ ಕಡೆ ತಲೆ ಹಾಕಲಿಲ್ಲ.

ಆ ನಾಲ್ಕು ದಿನವೂ ಬೆಳಗಿನ ಜಾವ ಕಳವಾದಿಂದ ಐರೋಲಿ ದಾಟಿ ಪಾಮ್ ಬೀಚ್ ರಸ್ತೆಗೆ ಇಬ್ಬರನ್ನೂ ಹೊಡೆದುಕೊಂಡು ಹೋದ. ಹಿಂದೆ ಯಾರದೋ ಎರವಲು ಸ್ಕೂಟರಿನ ಮೇಲೆ ಅವನು. ಕಾಂಚನಾ ಜಿಗಿಯುತ್ತಾಳೆ, ಚಂದವ್ವ ಕಾಲು ಬಿಟ್ಟು ಎಡಕ್ಕೆ ಸರಿಯಬೇಕು. ಅದೊಂದೇ ಪಾಠ.

“ಸರಿ, ಎಡಕ್ಕ!” ಎಂದು ಅವನು ಕೂಗುವುದು, ಅವಳು ಸರಿಯುವುದು. ಹದಿನೈದು ಸಲ, ಇಪ್ಪತ್ತು ಸಲ. ಅವಳ ತಲೆ ಹಿಂದಕ್ಕೆ ತಿರುಗಿದರೆ ಸ್ಕೂಟರು ಪಕ್ಕಕ್ಕೆ ತಂದು ಬೆನ್ನಿಗೊಂದು ಗುದ್ದು.

“ಕಾಕಾ, ಎಡಕ್ಕ ಯಾರರೆ ಇದ್ರ?”

“ಇದ್ರ ಅದು ಅವರ ಚಿಂತಿ.”

“ಯಾರಿರ್ತಾರ ಅಂತ ನಿನಗ ಗೊತ್ತೈತಿ.”

ಹುಲಗಪ್ಪನಿಗೆ ಗೊತ್ತಿತ್ತು. ಆ ರಸ್ತೆಯಲ್ಲಿ ವಾಶಿಯಿಂದ ಬೇಲಾಪುರದ ಕಡೆ ಹೋಗುವಾಗ ಸಮುದ್ರದ ಹಿನ್ನೀರು ತುಂಬಿದ ಖಾಡಿಯ ಗಾಳಿ ಬಲದಿಂದ ಬೀಸುತ್ತದೆ. ಬುದ್ಧಿ ಇದ್ದವಳು ಗಾಳಿ ತಾಗದ ಎಡಬದಿಯಿಂದಲೇ ಮುಂದೆ ಬರುತ್ತಾಳೆ. ಪೂಜಿತಾಳಿಗೆ ಬುದ್ಧಿ ಇತ್ತು.

ಐದನೆಯ ದಿನ ಪೂಜಿತಾ ತಾನೇ ಎದುರಾದಳು. ಸೈಕಲ್ಲಿನಿಂದ ಇಳಿದು, ಕಾಂಚನಾಳ ಹೆಗಲಿಗೆ ಕೈ ಹಾಕಿ, ಬಾಳೆಹಣ್ಣು ಮುರಿದು ಮೂವರಿಗೂ ಕೊಟ್ಟಳು.

“ಅಂಕಲ್, ಈ ಸಂಡೇ ನಾನು ಕಾಂಚನಾನ ವ್ಹೀಲ್ ಬಿಡೂದೇ ಇಲ್ಲ. ಬಾಕಿ ಹುಡುಗಿಯರು ಹೇಗೆ ಬೇಕಾದ್ರೆ ಹಾಗೆ ಹೋಗ್ತಾರೆ, ಹೆದರಿಕೆ ಆಗ್ತದೆ. ನಿಮ್ಮವರು ಏಕದಮ್ ಸೀದಾ. ಅವರ ಹಿಂದೆ ಕೂತ್ರೆ ಟೆನ್ಶನ್ ಇಲ್ಲ.”

“ಕುಂದ್ರವಾ ಕುಂದ್ರು,” ಎಂದ ಹುಲಗಪ್ಪ. “ನಮ್ಮ ಹಿಂದ ಕುಂದ್ರಾಕ ಯಾರಿಗೂ ಬ್ಯಾಡ ಅಂದಿಲ್ಲ.”

“ಮತ್ತೆ ಒಂದು ಹೇಳ್ಲಾ? ಚಂದು ನಮ್ಮಿಬ್ಬರಿಗಿಂತ ಫಾಸ್ಟ್ ಉಂಟು. ನೀವು ಒಮ್ಮೆ ಅವಳನ್ನು ಬಿಡಿ ಅಂಕಲ್, ನಾವು ಇಬ್ಬರೂ ಸೋಲ್ತೇವೆ.” ಅಂದು ನಕ್ಕು ಹೊರಟಳು.

ಕಾಂಚನಾ ನಗಲಿಲ್ಲ. ಚಂದವ್ವ ಬಾಳೆಹಣ್ಣನ್ನು ತಿನ್ನದೆ ಕೈಯಲ್ಲೇ ಹಿಡಿದು ನಿಂತಿದ್ದಳು, ಅದು ಬೆರಳ ಸಂದಿಯಲ್ಲಿ ಹಿಸುಕಿ ಹೋಗಿತ್ತು.

ಅಂದು ಸಂಜೆ ಮರಗಮ್ಮ ರೊಟ್ಟಿ ಬಡಿಯುತ್ತ ಗಂಡನಿಗೆ ಅಂದಳು, “ಆ ಹುಡುಗಿ ಎರಡ್ ದಿನಾತು ನೆಟ್ಟಗ ಉಣವಲ್ಲದು. ಏನ್ ಹಚ್ಚೀದಿ ಅಕಿಗೆ?”

“ಶರ್ಯತ್ತಿನ ಮುಂದ ಹಸಿವು ಸಾಯ್ತೈತಿ. ನನಗೂ ಹಂಗ ಆಗ್ತಿತ್ತು.”

“ನಿನ್ನ ಕೈ ಮುರದ ದಿನಾನೂ ಹಂಗ ಆಗಿತ್ತಂತ. ನಿಮ್ಮವ್ವ ಹೇಳ್ತಿದ್ಲು.”

ಹುಲಗಪ್ಪ ತಾಟು ಸರಿಸಿ ಎದ್ದ.

ಭಾನುವಾರ ಬೆಳಗಾಗುವಾಗ ಮೋಡ ಕೆಳಗಿಳಿದಿತ್ತು. ಮಳೆಗಾಲಕ್ಕೆ ಇನ್ನೂ ಹತ್ತು ದಿನ ಇತ್ತು, ಆದರೂ ರೇಸು ಶುರುವಾಗುವ ಹೊತ್ತಿಗೆ ಒಂದು ಸಣ್ಣ ಜಿನುಗು ಬಿತ್ತು. ಜೋರು ಮಳೆಯಾದರೆ ರಸ್ತೆ ತೊಳೆದು ಹೋಗುತ್ತದೆ. ಇದು ಆ ಮಳೆಯಲ್ಲ. ಎಂಟು ತಿಂಗಳ ಎಣ್ಣೆ, ಟೈರಿನ ಪುಡಿ ಎಲ್ಲ ಎದ್ದು, ಡಾಂಬರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟಿತು. ಹುಲಗಪ್ಪ ಚಪ್ಪಲಿಯ ತುದಿಯಿಂದ ಉಜ್ಜಿ ನೋಡಿದ. ಜಾರಿತು. ಇವತ್ತು ಎಡಕ್ಕೆ ಸರಿಯಬೇಡ ಎಂಬ ಮಾತು ಅವನ ಬಾಯಿ ತನಕ ಬಂದದ್ದು ನಿಜ. ಅಷ್ಟರಲ್ಲಿ ಸೀಟಿ ಊದಿದರು.

ಇಪ್ಪತ್ತಾರು ಹುಡುಗಿಯರು, ಹತ್ತು ಕಿಲೋಮೀಟರಿನ ನಾಲ್ಕು ಸುತ್ತು. ತೀರ್ಪು ಕೊಡುವ ಮುಖ್ಯ ಪಂಚರು ರಘುಪತಿ ಎಂಬ ಬೆಂಗಳೂರಿನವರು, ಸೈಕಲ್ ಆಟದಲ್ಲೇ ಕೂದಲು ಹಣ್ಣಾದ ಮನುಷ್ಯ. ಅವರು ಗುರಿಯ ಗೆರೆಯ ಹತ್ತಿರ ಕುರ್ಚಿ ಹಾಕಿ ಕೂತಿದ್ದರು. ಜಯಶೀಲ ಶೆಟ್ಟರೂ ಅಲ್ಲೇ, ಥರ್ಮಾಸಿನಲ್ಲಿ ಎಲ್ಲರಿಗೂ ಕಾಫಿ ತಂದಿದ್ದರು. ಹುಲಗಪ್ಪನಿಗೂ ಒಂದು ಲೋಟ ಬಗ್ಗಿಸಿ ಕೊಟ್ಟು, “ಯಾರು ಗೆದ್ರೂ ನಮ್ಮದೇ ಮಕ್ಕಳು ಅಲ್ಲವಾ ಮಾರಾಯ,” ಎಂದರು. ಕಾಫಿ ಕುಡಿದು ಹುಲಗಪ್ಪ ಇನ್ನೂರು ಮೀಟರಿನ ಹಲಗೆ ಹತ್ತಿರ ಹೋಗಿ, ಎಡಬದಿಯ ಕಬ್ಬಿಣದ ಕಟಾಂಜನ ಹಿಡಿದು ಒಬ್ಬನೇ ನಿಂತ. ಕಟಾಂಜನ ಗಟ್ಟಿ ಇದೆಯೇ ಎಂದು ಒಮ್ಮೆ ಅಲ್ಲಾಡಿಸಿ ನೋಡಿದ. ಯಾಕೆ ಹಾಗೆ ನೋಡಿದೆ ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ.

ಕೊನೆಯ ಸುತ್ತು. ದೂರದಲ್ಲಿ ಬಣ್ಣದ ಉಂಡೆಯೊಂದು ಕಂಡಿತು, ಉಂಡೆ ಉದ್ದವಾಗಿ ಗೆರೆಯಾಯಿತು. ಎಲ್ಲರಿಗಿಂತ ಮುಂದೆ ಚಂದವ್ವ. ಅವಳ ಚಕ್ರಕ್ಕೆ ಕಾಂಚನಾ. ಕಾಂಚನಾಳ ಚಕ್ರಕ್ಕೆ, ಹೇಳಿದ ಮಾತಿನಂತೆ, ಪೂಜಿತಾ. ಚಕ್ರಗಳ ಸದ್ದು ಜೇನುಗೂಡಿನ ಸದ್ದಿನ ಹಾಗೆ ಏರುತ್ತ ಬಂತು.

ಇನ್ನೂರೈವತ್ತು. ಕಾಂಚನಾ ಬಲಕ್ಕೆ ಜಿಗಿದಳು. ಪೂಜಿತಾ ಎಡಕ್ಕೆ.

ಚಂದವ್ವ ಕಾಲು ಬಿಟ್ಟಳು. ಆದರೆ ಸರಿಯಲಿಲ್ಲ. ತಲೆ ತಿರುಗಿಸಿ ಹಿಂದೆ ನೋಡಿದಳು. ಪೂಜಿತಾಳ ಮುಂದಿನ ಚಕ್ರವನ್ನು ಅವಳು ಕಂಡದ್ದನ್ನು ಹುಲಗಪ್ಪ ಕಂಡ. ಅವಳು ಹ್ಯಾಂಡಲ್ ಗಟ್ಟಿ ಹಿಡಿದು ತನ್ನ ದಾರಿಯಲ್ಲೇ ಉಳಿದಳು. ಸಂದಿ ತೆರೆದೇ ಇತ್ತು. ಪೂಜಿತಾ ಆ ಸಂದಿಯಲ್ಲಿ ಬಾಣದಂತೆ ಬರುತ್ತಿದ್ದಳು, ಕಾಂಚನಾಳ ಹೆಗಲಿಗೆ ಹೆಗಲು ಸಮ ಆಗುವುದರಲ್ಲಿತ್ತು.

ಹುಲಗಪ್ಪನಿಗೆ ಸೀಟು ಹೋಗುವುದು ಕಂಡಿತು. ಒಂಬತ್ತು ವರ್ಷ ಕಂಡಿತು. ಕಟಾಂಜನದ ಮೇಲೆ ಅರ್ಧ ಮೈ ಚಾಚಿ, ಗಂಟಲು ಹರಿಯುವ ಹಾಗೆ ಕೂಗಿದ.

“ಸರಿ! ಎಡಕ್ಕ!”

ಚಂದವ್ವನ ಮನಸ್ಸು ಕೇಳಿತೋ ಇಲ್ಲವೋ, ಮೈ ಕೇಳಿತು. ಐದು ವರ್ಷ ಆ ಸ್ವರಕ್ಕೆ ಬಗ್ಗಿದ ಮೈ. ಸೈಕಲ್ಲು ಎರಡು ಮೊಳ ಎಡಕ್ಕೆ ಹೋಯಿತು.

ಟಿವಿಯಲ್ಲಿ ಕೇಳದಿದ್ದ ಸದ್ದು ಇಲ್ಲಿ ಕೇಳಿತು. ಮೊದಲು ಬ್ರೇಕಿನ ಚೀರು, ಆಮೇಲೆ ಕಬ್ಬಿಣ, ಆಮೇಲೆ ಒಣ ಕಟ್ಟಿಗೆ ಮುರಿದ ಹಾಗೆ ಒಂದು ಸದ್ದು. ಅವನು ಹಿಡಿದಿದ್ದ ಕಟಾಂಜನ ಅವನ ಎದೆಗೇ ಬಂದು ಬಡಿಯಿತು. ಪೂಜಿತಾ ಅವನ ಕಾಲಿನಿಂದ ಮಾರು ದೂರದಲ್ಲಿ ಬಿದ್ದಿದ್ದಳು. ಹೆಲ್ಮೆಟ್ಟು ಎರಡು ಹೋಳಾಗಿತ್ತು. ಒಂದು ಕಾಲು ತೊಡೆಯ ಹತ್ತಿರ ಮಡಚಬಾರದ ಕಡೆ ಮಡಚಿತ್ತು. ಕಣ್ಣು ಅರ್ಧ ತೆರೆದಿತ್ತು, ಆದರೆ ನೋಡುತ್ತಿರಲಿಲ್ಲ. ಗೆರೆಯ ಕಡೆಯಿಂದ ಚಪ್ಪಾಳೆ ಕೇಳಿತು. ಕಾಂಚನಾ ಗೆದ್ದಿದ್ದಳು.

ಆಂಬುಲೆನ್ಸು ಹೋದ ಮೇಲೆ ರಘುಪತಿ ಹುಲಗಪ್ಪನನ್ನೂ ಇಬ್ಬರು ಹುಡುಗಿಯರನ್ನೂ ಪೆಂಡಾಲಿನೊಳಗೆ ಕರೆಸಿದರು.

“ಯಾರ್ರೀ ಇವಳಿಗೆ ಹೇಳ್ಕೊಟ್ಟಿದ್ದು ಇದನ್ನ? ಇದು ರೇಸಾ, ಕೊಲೇನಾ?”

ಹುಲಗಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೆದರಿಕೆಯಾದಾಗ ಅದು ಇನ್ನೂ ಬೇಗ ಬರುತ್ತದೆ. “ಯಾಕ್ರಿ, ಇಟಲಿಯಾಗ ಮಾಡಿದ್ರ ಹಾರ ಹಾಕ್ತಾರ, ನಾವ್ ಮಾಡಿದ್ರ ಕೊಲಿ ಏನ್ರಿ? ಆವತ್ತ್ ಆ ಲಂಬೂ ಸರದ, ಹಳದಿ ಟೊಪ್ಪಿಗಿ ಗೆದ್ದ, ಹುಡುಗ್ಯಾರು ಮುತ್ತು ಕೊಟ್ರು. ಕಣ್ಣಾರೆ ನೋಡೀನಿ!”

ರಘುಪತಿ ಅವನ ಕಡೆ ತಿರುಗಿದರು. “ಆಮೇಲೆ ನೋಡ್ಲಿಲ್ವಾ? ಇಬ್ಬರೂ ಮಾತಾಡ್ಕೊಂಡು ಮಾಡಿದ್ದು ಅಂತ ಅರ್ಧ ಗಂಟೇಲಿ ಗೆದ್ದೋನ ಹೆಸರು ತೆಗ್ದು ಕೊನೇಗೆ ಹಾಕಿದ್ರು. ನೀವು ಹೇಳೋ ಆ ಲಂಬೂನ ಅವತ್ತು ರಾತ್ರೀನೇ ರೇಸಿಂದ ಓಡಿಸಿದ್ರು. ಬಿದ್ದೋನಿಗೆ ಬೆನ್ನುಮೂಳೆ ಹೋಗಿದೆ, ಇನ್ನು ಮೇಲೆ ನಡೀತಾನೋ ಇಲ್ವೋ. ಮಾರನೇ ದಿನ ಟಿವೀಲಿ ಪೂರ್ತಿ ಅದೇ ಇತ್ತಲ್ರೀ.”

“ಮಾರನೇ ದಿನ ಗುಡ್ಡ ಇತ್ರಿ,” ಎಂದ ಹುಲಗಪ್ಪ. ಅವನ ಸ್ವರ ಅವನಿಗೇ ಬೇರೆಯವರದರ ಹಾಗೆ ಕೇಳಿತು. “ನಾವು ಗುಡ್ಡ ನೋಡೂದಿಲ್ಲ.”

“ಅಂದ್ರೆ ನೀವೇ ಹೇಳ್ಕೊಟ್ಟಿದ್ದು.”

“ಇಲ್ರಿ. ಹುಡುಗಿ ತಾನೇ ನೋಡಿ ಕಲ್ತಿರಬೇಕ್ರಿ.”

ಚಂದವ್ವ ಅವನ ಪಕ್ಕದಲ್ಲೇ ನಿಂತಿದ್ದಳು. ಅವಳ ಅಂಗಿಯ ಮೇಲೆ ಪೂಜಿತಾಳ ರಕ್ತವಿತ್ತು, ಎಲ್ಲರಿಗಿಂತ ಮೊದಲು ಓಡಿ ಹೋಗಿ ತಲೆ ಎತ್ತಿ ಹಿಡಿದವಳು ಅವಳೇ. ಆ ಮಾತಿಗೆ ಅವಳು ಕಾಕನ ಕಡೆ ತಿರುಗಿ ನೋಡಿದಳು.

ರಘುಪತಿ ಕಾನೂನು ಹೇಳಿದರು. ಇಬ್ಬರೂ ಮಾತಾಡಿಕೊಂಡು ಮಾಡಿದ್ದಾದರೆ ಇಬ್ಬರೂ ಹೊರಗೆ, ಸೀಟು ಎರಡನೆಯವಳಾಗಿ ಬಂದವಳಿಗೆ. ಚಂದವ್ವ ಒಬ್ಬಳದೇ ತಪ್ಪಾದರೆ ಅವಳೊಬ್ಬಳಿಗೆ ಎರಡು ವರ್ಷ ನಿಷೇಧ, ಪೊಲೀಸರು ಬಂದರೆ ಉತ್ತರವೂ ಅವಳದೇ. ಕಾಂಚನಾಳ ಗೆಲುವು ಉಳಿಯುತ್ತದೆ. “ಏನಾಯ್ತು ಅಂತ ಹುಡುಗಿ ಬರೆದು ಸೈನ್ ಮಾಡ್ಲಿ. ಸಂಜೆ ಐದರವರೆಗೆ ಇಲ್ಲೇ ಇರ್ತೀನಿ.”

ಕಳವಾದ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ಲೈಟು ಹಾಕಬೇಕಾಯಿತು, ಅಷ್ಟು ಮೋಡ. ಹುಲಗಪ್ಪ ಹೇಳುತ್ತ ಹೋದ, ಕಾಂಚನಾ ಹಿಂದಿಯಲ್ಲಿ ಬರೆದಳು. ನಾನಾಗಿಯೇ ಸರಿದೆ, ಯಾರೂ ಹೇಳಿಕೊಟ್ಟಿಲ್ಲ, ನನ್ನ ಅಕ್ಕನಿಗೆ ಏನೂ ಗೊತ್ತಿಲ್ಲ. ಆರು ಸಾಲು. ಬರೆದು ಮುಗಿಸಿ ಕಾಂಚನಾ ಹಾಳೆಯನ್ನೂ ಪೆನ್ನನ್ನೂ ಚಂದವ್ವನ ಮುಂದೆ ನೆಲದ ಮೇಲೆ ಇಟ್ಟಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು: “ಚಂದು, ಏಕ್ ಸೈನ್ ಹೈ, ಬಸ್.”

ಚಂದವ್ವ ಹಾಳೆ ಎತ್ತಿಕೊಂಡು ಮೇಲಿನಿಂದ ಕೆಳಗೆ ಓದಿದಳು. “ಅಕ್ಕಾ, ಕಾಕಾ ಒದರಿದ್ದು ನಿನಗ ಕೇಳಿಸಿತಿಲ್ಲ?”

ಕಾಂಚನಾ ಗೋಡೆ ನೋಡಿದಳು.

“ಎರಡ ವರ್ಷ,” ಎಂದ ಹುಲಗಪ್ಪ. ಅವನು ಈಗ ಕೂಗುತ್ತಿರಲಿಲ್ಲ, ಬೇಡುವವನ ಸ್ವರದಲ್ಲಿ ಹೇಳುತ್ತಿದ್ದ. “ಎರಡ ವರ್ಷ ಹೂಂ ಅನ್ನೂದ್ರಾಗ ಹೋಗ್ತಾವ. ಅಕಿಗೆ ನೌಕರಿ ಸಿಕ್ತಂದ್ರ ನಿನ್ನ ಕೈ ಬಿಡ್ತಾಳೇನು? ಮನಿತನದ ಸಲುವಾಗಿ ಇದೊಂದ್ ಸಲ ಮಾಡವ್ವಾ. ಇನ್ನೊಮ್ಮೆ ಕೇಳೂದಿಲ್ಲ.”

“ನೀ ಕೇಳಾಕ ಇನ್ನ ಏನ್ ಉಳದೈತಿ?” ಅಂದಳು ಮರಗಮ್ಮ, ಒಲೆಯ ಕಡೆಯಿಂದ.

“ನೀ ನಡುವ ಬಾಯಿ ಹಾಕಬ್ಯಾಡ!”

ಅಷ್ಟರಲ್ಲಿ ಅವನ ಫೋನು ಬಡಿಯಿತು. ಹಳೇ ಬಟನ್ ಫೋನು, ಅದರ ಸ್ವರ ಕೋಣೆಗೆಲ್ಲ ಕೇಳುತ್ತಿತ್ತು. ಜಯಶೀಲ ಶೆಟ್ಟರು.

“ಹುಲಗಪ್ಪ, ನಿಮ್ಮ ಮಕ್ಕಳಿಗೆ ಎಂಥ ಆಗ್ಲಿಲ್ಲ ಅಲ್ಲ? ಆ ಗಡಿಬಿಡಿಯಲ್ಲಿ ಕೇಳ್ಲಿಕ್ಕೇ ಆಗ್ಲಿಲ್ಲ. ಪೂಜಿ ಇನ್ನೂ ಕಣ್ಣು ಬಿಡ್ಲಿಲ್ಲ ಮಾರಾಯ. ತಲೆಯ ಒಳಗೆ ರಕ್ತ ನಿಂತಿದೆ ಅಂತೆ. ಈಗ ಒಳಗೆ ಕೊಂಡು ಹೋದ್ರು. ಚಂದವ್ವನಿಗೆ ಹೇಳಿ, ಹೆದರ್ಲಿಕ್ಕೆ ಹೋಗ್ಬೇಡ ಅಂತ. ಪಾಪ, ರಕ್ತ ನೋಡಿ ನಡುಗ್ತಾ ಇದ್ದಳು. ರಸ್ತೆ ಜಾರ್ತಾ ಇತ್ತು. ಯಾರದ್ದೂ ತಪ್ಪಲ್ಲ.”

ಎಲ್ಲರೂ ಹುಲಗಪ್ಪನ ಬಾಯಿ ನೋಡುತ್ತಿದ್ದರು. ಆ ಬಾಯಿ ತೆರೆಯಿತು.

“ಹೌದ್ರಿ ಶೆಟ್ರ,” ಎಂದ ಅವನು. “ರಸ್ತಾ ಭಾಳ ಜಾರ್ತಿತ್ತು.”

ಚಂದವ್ವ ಎದ್ದಳು. ಹಾಳೆಯನ್ನು ಹರಿಯಲಿಲ್ಲ, ಎಸೆಯಲಿಲ್ಲ. ಎಲ್ಲಿಂದ ಎತ್ತಿದ್ದಳೋ ಅಲ್ಲೇ ಇಟ್ಟು, ಹಾರಿಹೋಗದ ಹಾಗೆ ಅದರ ಮೇಲೆ ಪೆನ್ನು ಇಟ್ಟಳು. ರಕ್ತದ ಅಂಗಿ ಬದಲಿಸಲಿಲ್ಲ. ಬಾಗಿಲಲ್ಲಿ ಚಪ್ಪಲಿಗೆ ಕಾಲು ತೂರಿಸುವಾಗ ಮರಗಮ್ಮ, “ಎಲ್ಲಿಗೆ ಹೊಂಟಿ ಚಂದೂ?” ಎಂದಳು.

“ಶೆಟ್ರ ಕಡೆ ಹೋಗ್ತೀನಿ ಕಾಕಿ. ಯಾರ ತಪ್ಪು ಅಂತ ಹೇಳಿ, ಆಮ್ಯಾಲ ಪಂಚರ ಕಡೆ ಹೋಗ್ತೀನಿ.”

“ಹೊಸ್ತಿಲಾ ದಾಟಿದಿ ಅಂದ್ರ ನೋಡ್ ಮತ್ತ!” ಎಂದು ಹುಲಗಪ್ಪ ಕೂಗಿದ. ಅದೇ ಸ್ವರ, ಬೆಳಗ್ಗೆ ಕಟಾಂಜನದ ಮೇಲಿಂದ ಕೂಗಿದ್ದೇ ಸ್ವರ. ಚಂದವ್ವನ ಹೆಗಲು ಒಮ್ಮೆ ಅದುರಿತು. ಆದರೆ ಅವಳು ದಾಟಿದಳು. ಓಣಿಯಲ್ಲಿ ನೀರಿಗೆ ಸಾಲು ಹಚ್ಚಿದ್ದ ಕೊಡಗಳ ನಡುವೆ ಕಾಲಿಡುತ್ತ, ಸ್ಟೇಷನ್ನಿನ ಕಡೆಯ ತಿರುವಿಗೆ ಹೋದಳು. ಒಮ್ಮೆಯೂ ಹೊರಳಿ ನೋಡಲಿಲ್ಲ.

“ಬರ್ತಾಳ. ಎಲ್ಲಿ ಹೋಗ್ತಾಳ? ಅಕಿಗೆ ಯಾರದಾರ ನಮ್ಮನ್ ಬಿಟ್ರ?” ಎಂದ ಹುಲಗಪ್ಪ.

ಐದೂಕಾಲಿಗೆ ರಘುಪತಿಯವರ ಫೋನು ಬಂತು. ಹುಡುಗಿ ಬಂದಿದ್ದಳು, ಕನ್ನಡದಲ್ಲೇ ಎರಡು ಪುಟ ಬರೆದು ಕೊಟ್ಟಳು, ತನ್ನ ತಪ್ಪನ್ನೂ ಬಿಡದೆ ಬರೆದಿದ್ದಾಳೆ. ಈಗಷ್ಟೇ ಹೋದಳು. ಯಾವ ಕಡೆಗೆ ಎಂದು ಹುಲಗಪ್ಪ ಕೇಳಿದ. ಅವರು ನೋಡಿರಲಿಲ್ಲ.

ಆ ರಾತ್ರಿ ಮರಗಮ್ಮ ಬಾಗಿಲಿಗೆ ಅಗುಳಿ ಹಾಕಲಿಲ್ಲ. ಮಾರನೆಯ ದಿನವೂ ಹಾಕಲಿಲ್ಲ. ಮೂರನೆಯ ದಿನ ಬೆಳಗ್ಗೆ ಪೊಲೀಸರು ಹುಲಗಪ್ಪನನ್ನು ಕೇಳಿಕೊಂಡು ಓಣಿಗೆ ಬಂದಾಗಲೂ ಬಾಗಿಲು ತೆರೆದೇ ಇತ್ತು. ಚಂದವ್ವ ಬರಲಿಲ್ಲ.